ಸಣ್ಣ ಊರಿನ ದುಡ್ಡು ಎಲ್ಲಿ ನಿಲ್ಲುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಸಣ್ಣ ನಗರಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದ ಪತ್ರಗಳಲ್ಲಿ ಹೆಚ್ಚಿನವು ಬೇರೆ ಬೇರೆ ಮಾತಿನಲ್ಲಿ ಒಂದೇ ಸಂಕಟ ಹೇಳಿವೆ: ನಮ್ಮ ಊರಲ್ಲಿ ವ್ಯಾಪಾರ ಇದೆ, ಜನ ಇದ್ದಾರೆ, ಆದರೆ ದುಡ್ಡು ಮಾತ್ರ ಇಲ್ಲಿ ನಿಲ್ಲುವುದಿಲ್ಲ. ಈ ಸಂಚಿಕೆಗೆ ಅಂಥ ಪತ್ರಗಳನ್ನೇ ಆರಿಸಿಕೊಂಡಿದ್ದೇವೆ.

ಪ್ರಶ್ನೆ: ಸಣ್ಣ ನಗರ ಎಂದರೆ ಎಷ್ಟು ದೊಡ್ಡದು? ದೇಶದ ಲೆಕ್ಕದಲ್ಲಿ ಇವುಗಳ ಪಾಲೆಷ್ಟು?
– ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರು, ಕೊಪ್ಪಳ

ಉತ್ತರ: ಎರಡು ಲೆಕ್ಕಗಳಿವೆ, ಎರಡನ್ನೂ ಬೆರೆಸಬೇಡಿ. ಕರ್ನಾಟಕದ ಕಾನೂನಿನ ಪ್ರಕಾರ ಸುಮಾರು 10 ಸಾವಿರದಿಂದ 20 ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, 3 ಲಕ್ಷದವರೆಗೆ ನಗರಸಭೆ, ಅದರ ಮೇಲೆ ಮಹಾನಗರ ಪಾಲಿಕೆ. ಜನಗಣತಿಯವರ ಲೆಕ್ಕ ಬೇರೆ. 5 ಸಾವಿರ ಜನ, ಚದರ ಕಿ.ಮೀ.ಗೆ 400 ಜನಸಾಂದ್ರತೆ, ದುಡಿಯುವ ಗಂಡಸರಲ್ಲಿ ಶೇ 75 ಮಂದಿ ಬೇಸಾಯದ ಹೊರಗಿರಬೇಕು. ಈ ಮೂರೂ ಇದ್ದರೆ, ಆಡಳಿತ ಗ್ರಾಮ ಪಂಚಾಯಿತಿಯದೇ ಆಗಿದ್ದರೂ ಅದು ‘ಜನಗಣತಿ ಪಟ್ಟಣ’.

ಇಂಥ ಜನಗಣತಿ ಪಟ್ಟಣಗಳು ದೇಶದಲ್ಲಿ 2001ರಲ್ಲಿ 1,362 ಇದ್ದವು, 2011ಕ್ಕೆ 3,894 ಆದವು. ಇವು ಬದುಕಿನಲ್ಲಿ ಪಟ್ಟಣ, ಕಾಗದದಲ್ಲಿ ಹಳ್ಳಿ. ರಸ್ತೆಯ ಅಗಲ ಹೇಳುವವರಿಲ್ಲ, ಚರಂಡಿಗೆ ಯೋಜನೆ ಇಲ್ಲ, ಮನೆ ಮಾತ್ರ ಮೂರಂತಸ್ತು. ಪಾಲಿನ ಮಾತಿಗೆ ಬಂದರೆ, 2011ರಲ್ಲಿ ಲಕ್ಷ ಮೀರಿದ 468 ನಗರ ಹಾಗೂ ನಗರ ಸಮುಚ್ಚಯಗಳಲ್ಲಿ ದೇಶದ ನಗರವಾಸಿಗಳ ಸುಮಾರು ಶೇ 70 ಇದ್ದರು. ಮಿಕ್ಕ ಶೇ 30 ಸಾವಿರಾರು ಸಣ್ಣ ಪಟ್ಟಣಗಳಲ್ಲಿ ಹರಡಿದ್ದರು. ಆದರೆ ಪಟ್ಟಣದ ತೂಕವನ್ನು ಅಲ್ಲಿ ಮಲಗುವವರ ಸಂಖ್ಯೆಯಿಂದ ಮಾತ್ರ ಅಳೆಯಬಾರದು. ತಾಲ್ಲೂಕಿನ ನೂರಾರು ಹಳ್ಳಿಗಳು ಬೀಜ, ಗೊಬ್ಬರ, ಟ್ರ್ಯಾಕ್ಟರ್ ರಿಪೇರಿ, ಸ್ಕ್ಯಾನಿಂಗ್, ಪಿಯು ಕಾಲೇಜು, ಬ್ಯಾಂಕು ಎಂದು ಬರುವುದು ಅಲ್ಲಿಗೇ. ಆ ಪೇಟೆ ಸೊರಗಿದರೆ ಹಳ್ಳಿಯವರು ಅದೇ ಕೆಲಸಕ್ಕೆ ಇನ್ನೂ 60 ಕಿ.ಮೀ. ಹೋಗಬೇಕು, ಒಂದು ದಿನದ ಕೂಲಿ ಕಳೆದುಕೊಳ್ಳಬೇಕು.

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಹೆಸರು ಲೋಕಕ್ಕೆಲ್ಲ ಗೊತ್ತು. ಇಷ್ಟು ದೊಡ್ಡ ಮಾರುಕಟ್ಟೆ ಇದ್ದೂ ಊರು ಯಾಕೆ ಇನ್ನೂ ಹೀಗಿದೆ?
– ಬೆಳೆಗಾರರು, ಹಾವೇರಿ ಜಿಲ್ಲೆ

ಉತ್ತರ: ನಿಮ್ಮ ಪ್ರಶ್ನೆಯೇ ಈ ಅಂಕಣದ ತಿರುಳು, ಆದ್ದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

2011ರ ಜನಗಣತಿಯಲ್ಲಿ ಬ್ಯಾಡಗಿಯಲ್ಲಿದ್ದವರು ಸುಮಾರು 30 ಸಾವಿರ ಮಂದಿ. ಅದೇ ವರ್ಷ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಇದರ ಡಬ್ಬಿ, ಕಡ್ಡಿ ಎಂಬ ಎರಡೂ ಬಗೆ ಖಾರಕ್ಕಿಂತ ಬಣ್ಣಕ್ಕೆ ಬೆಲೆ ಬಾಳುವ ಕಾಯಿ. ಮಾರುಕಟ್ಟೆಗೆ ಬರುವ ಮಾಲು ಸುತ್ತಲಿನ ತಾಲ್ಲೂಕುಗಳದ್ದಷ್ಟೇ ಅಲ್ಲ, ಬಳ್ಳಾರಿ, ರಾಯಚೂರು, ಆಂಧ್ರದ ಕರ್ನೂಲು ಕಡೆಯದೂ ಬಹಳ. ಅಂದರೆ ಮೂವತ್ತು ಸಾವಿರ ಜನರ ಊರೊಂದು ಎರಡು ರಾಜ್ಯಗಳ ಬೆಳೆಗೆ ದರ ಕಟ್ಟುವ ಜಾಗವಾಗಿದೆ. ಪ್ರಾದೇಶಿಕ ಅಭಿವೃದ್ಧಿಯಲ್ಲಿ ಸಣ್ಣ ನಗರದ ಪಾತ್ರ ಏನೆಂದು ಕೇಳಿದವರಿಗೆ ಇದನ್ನೇ ತೋರಿಸಬಹುದು.

ಈಗ ಒಂದು ಚೀಲದ ಹಿಂದೆ ಹೋಗೋಣ. ಟೆಂಡರ್‌ನಲ್ಲಿ ಮಾರಾಟವಾದ ಮೇಲೆ ತೊಟ್ಟು ಬಿಡಿಸುವುದು, ಬಣ್ಣ ನೋಡಿ ಬೇರ್ಪಡಿಸುವುದು ಊರಲ್ಲೇ ಆಗುತ್ತದೆ, ಹೆಚ್ಚಾಗಿ ಹೆಂಗಸರ ಕೈಯಲ್ಲಿ. ಆ ಕೂಲಿ ಊರಿಗೆ ಉಳಿಯಿತು. ಶೀತಲಗೃಹದ ಬಾಡಿಗೆಯೂ ಬಹುಮಟ್ಟಿಗೆ ಇಲ್ಲೇ ಉಳಿಯುತ್ತದೆ. ಮಾರುಕಟ್ಟೆ ಶುಲ್ಕ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಗೆ (ಎಪಿಎಂಸಿ) ಹೋಗುತ್ತದೆ, ಪುರಸಭೆಗಲ್ಲ. ಆದರೆ ಲಾರಿಗಳ ಭಾರಕ್ಕೆ ಕುಸಿಯುವ ಊರಿನ ರಸ್ತೆ, ಹಮಾಲರಿಗೆ ಬೇಕಾದ ನೀರು, ಶೌಚಾಲಯ, ಕಸ ಇವೆಲ್ಲ ಪುರಸಭೆಯ ತಲೆಗೆ. ಊರು ಮೇಲೇಳದಿರಲು ಇದು ಮೊದಲ ಕಾರಣ: ಆದಾಯ ಒಂದು ಕಚೇರಿಗೆ, ಖರ್ಚು ಇನ್ನೊಂದಕ್ಕೆ. ಎಪಿಎಂಸಿ ಮತ್ತು ಪುರಸಭೆ ವರ್ಷಕ್ಕೆ ಎರಡು ಸಲವಾದರೂ ಒಟ್ಟಿಗೆ ಕೂತು, ಯಾರ್ಡ್‌ನಿಂದ ಹೆದ್ದಾರಿಯವರೆಗಿನ ರಸ್ತೆ, ಲಾರಿ ನಿಲುಗಡೆ, ಚರಂಡಿಯ ಖರ್ಚು ಯಾರದೆಂದು ಬರಹದಲ್ಲಿ ಹಂಚಿಕೊಳ್ಳಬೇಕು.

ಎರಡನೆಯದು ಸಂಸ್ಕರಣೆ. ಒಂದು ಟನ್ ಕಾಯಿಯಿಂದ ಸುಮಾರು 50 ಲೀಟರ್ ಓಲಿಯೊರೆಸಿನ್, ಅಂದರೆ ಬಣ್ಣ ತುಂಬಿದ ಎಣ್ಣೆಯಂಥ ಸಾರ, ಸಿಗುತ್ತದೆ. ಅದು ಆಹಾರದ ಬಣ್ಣಕ್ಕೆ, ಲಿಪ್‌ಸ್ಟಿಕ್, ಉಗುರುಬಣ್ಣಕ್ಕೆ ಹೋಗುತ್ತದೆ. ಲಾಭದ ದೊಡ್ಡ ತುಂಡು ಇರುವುದು ಅಲ್ಲಿ. ಆದರೆ ‘ಎಲ್ಲರೂ ಓಲಿಯೊರೆಸಿನ್ ಘಟಕ ಹಾಕಿ’ ಎಂದು ನಾವು ಹೇಳುವುದಿಲ್ಲ. ಪುಡಿಯನ್ನು ಗುಳಿಗೆ ಮಾಡಿ ಹೆಕ್ಸೇನ್‌ನಂಥ ದ್ರಾವಕದಲ್ಲಿ ಸಾರ ತೆಗೆದು, ದ್ರಾವಕವನ್ನು ಆವಿ ಮಾಡಿ ಮರಳಿ ಹಿಡಿಯಬೇಕು. ಹೆಕ್ಸೇನ್ ಬೇಗ ಬೆಂಕಿ ಹಿಡಿಯುವ ವಸ್ತು, ಪರವಾನಗಿ ಕಠಿಣ, ಬಂಡವಾಳ ಕೋಟಿಗಳಲ್ಲಿ. ರೈತ ಉತ್ಪಾದಕ ಕಂಪನಿ ಮೊದಲು ಹಿಡಿಯಬೇಕಾದದ್ದು ಒಣಗಿಸುವಿಕೆ, ತೇವಾಂಶ ಪರೀಕ್ಷೆ, ದರ್ಜೆ ವಿಂಗಡಣೆ, ಪುಡಿ.

ಕೆಡುವುದು ಎಲ್ಲಿ? ತೇವಾಂಶ ಶೇ 10–11ಕ್ಕೆ ಇಳಿಯಬೇಕು. ಕಾಯಿ ಮುರಿಯಬಾರದೆಂದೋ ತೂಕ ಬರಲೆಂದೋ ನೀರು ಚಿಮುಕಿಸಿದರೆ ಚೀಲದೊಳಗೆ ಬೂಷ್ಟು ಹಿಡಿಯುತ್ತದೆ, ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ ಹುಟ್ಟುತ್ತದೆ. ಯುರೋಪಿಗೆ ಹೋಗುವ ಮೆಣಸಿನಕಾಯಿಯಲ್ಲಿ ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 10 ಮೈಕ್ರೋಗ್ರಾಂ ಮೀರುವಂತಿಲ್ಲ. ಒಂದು ಹಸಿ ಚೀಲ ಇಡೀ ರವಾನೆಯನ್ನು ತಿರಸ್ಕಾರಕ್ಕೆ ತಳ್ಳಬಲ್ಲದು. ಮಣ್ಣಿನ ಕಣದ ಬದಲು ಸಿಮೆಂಟು ಕಣ ಅಥವಾ ಸೋಲಾರ್ ಡ್ರೈಯರ್, ಯಾರ್ಡ್ ಬಾಗಿಲಲ್ಲೇ ತೇವಾಂಶ ಮಾಪಕ: ಎರಡಕ್ಕೂ ಖರ್ಚು ದೊಡ್ಡದಲ್ಲ.

ಮೂರನೆಯದು ಕಾಯುವ ಶಕ್ತಿ. 2024ರ ಮಾರ್ಚ್‌ನಲ್ಲಿ ಆವಕ ಉಕ್ಕಿ ದರ ಕುಸಿದಾಗ ರೈತರ ಸಿಟ್ಟು ಎಪಿಎಂಸಿ ಕಚೇರಿಗೂ ವಾಹನಗಳಿಗೂ ಬೆಂಕಿ ಬೀಳುವ ಮಟ್ಟಕ್ಕೆ ಹೋಯಿತು. ಅಂದು ಮಾರಲೇಬೇಕಾದವರೇ ಹೆಚ್ಚು ಸೋಲುವುದು. ನೋಂದಾಯಿತ ಗೋದಾಮಿನಲ್ಲಿ ಮಾಲಿಟ್ಟು ಎಲೆಕ್ಟ್ರಾನಿಕ್ ರಸೀದಿ ಪಡೆದರೆ ಅದನ್ನೇ ಒತ್ತೆಯಾಗಿಟ್ಟು ಬ್ಯಾಂಕ್ ಸಾಲ ತೆಗೆಯಬಹುದು. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯ ಅವಕಾಶವೂ ಇದೆ. ಶೀತಲಗೃಹಕ್ಕೆ ಹಾಕುವ ಮೊದಲು ಕೇಳಿ: ಈ ಗೋದಾಮು ಗೋದಾಮು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ? ಆಗಿಲ್ಲದಿದ್ದರೆ ಅಲ್ಲಿನ ಚೀಟಿಗೆ ಬ್ಯಾಂಕಿನಲ್ಲಿ ಆ ಬೆಲೆ ಇರುವುದಿಲ್ಲ.

ಪ್ರಶ್ನೆ: ನಮ್ಮ ಗ್ರಾಮ ಪಂಚಾಯಿತಿಯನ್ನು ಪಟ್ಟಣ ಪಂಚಾಯಿತಿ ಮಾಡಬೇಕೆಂಬ ಕೂಗಿದೆ. ಒಳ್ಳೆಯದೋ ಕೆಟ್ಟದ್ದೋ?
– ಗ್ರಾಮ ಪಂಚಾಯಿತಿ ಸದಸ್ಯೆ, ತುಮಕೂರು ಜಿಲ್ಲೆ

ಉತ್ತರ: ಫಲಕ ಬದಲಾಯಿಸುವ ಮೊದಲು ಕಳೆದುಕೊಳ್ಳುವುದನ್ನು ಬರೆದುಕೊಳ್ಳಿ. ಗ್ರಾಮೀಣ ಉದ್ಯೋಗ ಖಾತರಿ ಕೆಲಸ ನಿಲ್ಲುತ್ತದೆ. ಕೂಲಿಯ ಮೇಲೆ ನಿಂತ ಮನೆಗಳು ಎಷ್ಟಿವೆ ಎಂದು ಮೊದಲೇ ಎಣಿಸಿ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಭಾಗದಲ್ಲಿ ಓದಿದವರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 25, ಸಿಇಟಿ ಪ್ರವೇಶದಲ್ಲಿ ಶೇ 15 ಮೀಸಲಿದೆ. ಊರು ಪಟ್ಟಣವಾದ ಮೇಲೆ ಅಲ್ಲಿ ಓದುವ ಮಕ್ಕಳಿಗೆ ಆ ಸವಲತ್ತು ಕೈತಪ್ಪುತ್ತದೆ. ಮನೆ ಕಂದಾಯ ಏರುತ್ತದೆ, ಕಟ್ಟಡಕ್ಕೆ ನಕ್ಷೆ ಮಂಜೂರಾತಿ ಬೇಕಾಗುತ್ತದೆ.

ಪಡೆಯುವುದು: ಪೌರಕಾರ್ಮಿಕರ ಹುದ್ದೆ, ಆರೋಗ್ಯ ನಿರೀಕ್ಷಕರು, ಎಂಜಿನಿಯರ್, ನಗರ ಯೋಜನೆಯ ಹಿಡಿತ. ಜೊತೆಗೆ ನೀರು, ಒಳಚರಂಡಿಗೆ ನಗರ ಯೋಜನೆಗಳ ಹಣ. 2021ರ ಅಕ್ಟೋಬರ್‌ನಲ್ಲಿ ಆರಂಭವಾದ ಕೇಂದ್ರದ ನೀರು–ಒಳಚರಂಡಿ ಯೋಜನೆ ಅಮೃತ್ 2.0 ರೂಪುಗೊಂಡದ್ದು ಕಾನೂನುಬದ್ಧ ಪಟ್ಟಣಗಳಿಗೆಲ್ಲ, ಗ್ರಾಮ ಪಂಚಾಯಿತಿಗೆ ಅಲ್ಲ.

ಬಹಳ ಕಡೆ ಎಡವುವುದು ದಾಖಲೆಯಲ್ಲಿ. ಗ್ರಾಮ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9, 11ರಲ್ಲಿದ್ದ ಆಸ್ತಿಗಳು ನಗರಗಳ ದಾಖಲೆಯಾದ ಇ-ಆಸ್ತಿಗೆ ಬರಬೇಕು. ಆ ಬದಲಾವಣೆ ಅರ್ಧಕ್ಕೆ ನಿಂತರೆ ಮಾರಾಟ, ಸಾಲ ಎರಡೂ ನಿಲ್ಲುತ್ತವೆ. ಕರಡು ಅಧಿಸೂಚನೆಯ ಮೇಲೆ ಆಕ್ಷೇಪಣೆಗೆ 30 ದಿನ ಸಿಗುತ್ತದೆ. ಗಡಿ ಯಾವ ಹಳ್ಳದವರೆಗೆ, ಯಾವ ಮಜರೆಗಳು ಒಳಗೆ ಎಂದು ಆ ದಿನಗಳಲ್ಲೇ ಸರ್ವೆ ನಂಬರ್ ಹಿಡಿದು ನೋಡಿ. ಬೇಸಾಯದ ಮಜರೆಗಳನ್ನು ಸುಮ್ಮನೆ ಎಳೆದು ಸೇರಿಸಿದ ಪಟ್ಟಣಗಳಲ್ಲಿ ಆ ಮಜರೆಯವರು ಎರಡೂ ಕಡೆಯ ಸವಲತ್ತು ಕಳೆದುಕೊಂಡಿದ್ದಾರೆ. ಹೆದ್ದಾರಿ ಪಕ್ಕದಲ್ಲಿ ಲೇಔಟುಗಳು ಈಗಾಗಲೇ ಎದ್ದಿದ್ದರೆ ಪಟ್ಟಣ ಪಂಚಾಯಿತಿ ಆಗುವುದೇ ಮೇಲು ಎಂಬುದು ನಮ್ಮ ಅಭಿಪ್ರಾಯ, ಏಕೆಂದರೆ ತಡವಾದಷ್ಟೂ ರಸ್ತೆ ಇರುಕಾಗುತ್ತದೆ, ಆಮೇಲೆ ಅಗಲ ಮಾಡಲು ಮನೆ ಒಡೆಯಬೇಕು.

ಪ್ರಶ್ನೆ: ಪುರಸಭೆಯಲ್ಲಿ ಏನು ಕೇಳಿದರೂ ‘ಅನುದಾನ ಇಲ್ಲ’ ಎನ್ನುತ್ತಾರೆ. ತೆರಿಗೆ ದರ ಏರಿಸದೆ ಸ್ವಂತ ಆದಾಯ ಹೆಚ್ಚಿಸಲು ಸಾಧ್ಯವೇ?
– ಪುರಸಭೆ ಸದಸ್ಯರು, ಬಾಗಲಕೋಟೆ ಜಿಲ್ಲೆ

ಉತ್ತರ: ಸಾಧ್ಯ. ಸಣ್ಣ ಊರುಗಳಲ್ಲಿ ದರ ಕಡಿಮೆ ಎನ್ನುವುದಕ್ಕಿಂತ ಪಟ್ಟಿ ಅಪೂರ್ಣ ಎನ್ನುವುದೇ ದೊಡ್ಡ ಕಾಯಿಲೆ.

ಮೊದಲ ಕೆಲಸ ಹೋಲಿಕೆ. ಪುರಸಭೆಯ ಬೇಡಿಕೆ–ವಸೂಲಿ–ಬಾಕಿ ವಹಿಯನ್ನು ವಾರ್ಡುವಾರು ತೆಗೆಯಿರಿ. ವಿದ್ಯುತ್ ಕಂಪನಿ ಹೆಸ್ಕಾಂನಿಂದ ಅದೇ ವಾರ್ಡುಗಳ ಆರ್‌ಆರ್ ನಂಬರ್ ಪಟ್ಟಿ ಕೇಳಿ ಪಡೆಯಿರಿ. ಉದಾಹರಣೆಗೆ, ವಹಿಯಲ್ಲಿ 9,000 ಆಸ್ತಿ, ವಿದ್ಯುತ್ ಸಂಪರ್ಕ 11,500 ಇವೆ ಎನ್ನಿ. ವ್ಯತ್ಯಾಸದ 2,500ರಲ್ಲಿ ಒಂದೇ ಮನೆಯ ಎರಡು ಮೀಟರ್, ಪಂಪ್‌ಸೆಟ್, ಬೀದಿದೀಪ ಕಳೆಯಬೇಕು. ಅವನ್ನು ಕಳೆದು 1,200 ಹೊಸ ಆಸ್ತಿ ಸಿಕ್ಕು, ಸರಾಸರಿ ತೆರಿಗೆ 1,800 ರೂಪಾಯಿ ಎಂದುಕೊಂಡರೂ ವರ್ಷಕ್ಕೆ 21.6 ಲಕ್ಷ. ದರ ಒಂದು ಪೈಸೆಯೂ ಏರಿಲ್ಲ.

ಎರಡನೆಯದು ಸ್ಥಳ ಪರಿಶೀಲನೆ. ಇಬ್ಬರ ಒಂದು ಜೋಡಿ ದಿನಕ್ಕೆ 30 ಮನೆ ನೋಡಿದರೆ ಆ 2,500 ಮುಗಿಸಲು ಮೂರು ಜೋಡಿಗೆ 28 ದಿನದ ಕೆಲಸ. ಅಳೆಯಬೇಕಾದದ್ದು ನಿವೇಶನದ ಅಳತೆ, ಕಟ್ಟಡದ ವಿಸ್ತೀರ್ಣ, ಎಷ್ಟು ಅಂತಸ್ತು, ಕಟ್ಟಿದ ವರ್ಷ. ಇವೆಲ್ಲಕ್ಕಿಂತ ಮುಖ್ಯವಾದದ್ದು ಬಳಕೆ. ಸೋರಿಕೆ ಇರುವುದು ಬಿಟ್ಟುಹೋದ ಮನೆಗಳಲ್ಲಷ್ಟೇ ಅಲ್ಲ, ವಾಸದ ಮನೆ ಎಂದು ಬರೆಸಿಕೊಂಡ ಅಂಗಡಿ, ಲಾಡ್ಜ್, ಕಲ್ಯಾಣ ಮಂಟಪಗಳಲ್ಲೂ. ಅಲ್ಲಿಯೇ ಒತ್ತಡವೂ ಬರುವುದು. ಆದ್ದರಿಂದ ಒಂದು ವಾರ್ಡಿನ ಬಿಲ್ ಕಲೆಕ್ಟರ್‌ರನ್ನು ಇನ್ನೊಂದು ವಾರ್ಡಿನ ಪರಿಶೀಲನೆಗೆ ಕಳಿಸಿ, ಬೋರ್ಡ್ ಕಾಣುವಂತೆ ಮುಂಭಾಗದ ಫೋಟೊ ವಹಿಗೆ ಸೇರಿಸಿ.

ಅಕ್ರಮ ಕಟ್ಟಡಕ್ಕೆ ತೆರಿಗೆ ಹಾಕಿದರೆ ಸಕ್ರಮ ಮಾಡಿದಂತಾಗುತ್ತದೆ ಎಂದು ಕೆಲವು ಮುಖ್ಯಾಧಿಕಾರಿಗಳು ಹಿಂಜರಿಯುತ್ತಾರೆ. ಹಾಗಿಲ್ಲ. ತೆರಿಗೆ ಕಟ್ಟಿದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ, ಅಂಥವನ್ನು ಪ್ರತ್ಯೇಕ ವಹಿಯಲ್ಲಿ ಬರೆದು ವಸೂಲಿ ಮಾಡಲು ಕಾನೂನಿನಲ್ಲೇ ದಾರಿ ಇದೆ.

ಮೂರನೆಯದು ಸಮಯ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ, ಮೇ–ಜೂನ್‌ನಲ್ಲಿ ದಂಡವಿಲ್ಲ, ಆಮೇಲೆ ತಿಂಗಳಿಗೆ ಶೇ 2 ದಂಡ. ಬೇಡಿಕೆ ಚೀಟಿ ಏಪ್ರಿಲ್ ಮೊದಲ ವಾರವೇ ಮನೆ ತಲುಪಿದರೆ ರಿಯಾಯಿತಿ ಕೆಲಸ ಮಾಡುತ್ತದೆ. ಫೆಬ್ರುವರಿಯಲ್ಲಿ ಮೈಕ್ ಕಟ್ಟಿ ಕೂಗಿದರೆ ಬರುವುದು ಜಗಳ. ಇನ್ನೊಂದು ಎಚ್ಚರ: ರಸೀದಿಯ ಮೊತ್ತವೆಲ್ಲ ನಿಮ್ಮದಲ್ಲ. ಗ್ರಂಥಾಲಯ ಕರ ಶೇ 6, ಭಿಕ್ಷುಕರ ಪರಿಹಾರದ ಕರ ಶೇ 3 ಬೇರೆಯವರಿಗೆ ಹೋಗಬೇಕಾದವು. ಅದನ್ನು ಚರಂಡಿಗೆ ಖರ್ಚು ಮಾಡಿ ಮುಂದಿನ ಲೆಕ್ಕಪರಿಶೋಧನೆಯಲ್ಲಿ ಸಿಕ್ಕಿಬೀಳುವುದು ಬೇಡ.

ಪುರಸಭೆ ಮಳಿಗೆಗಳನ್ನು ಮರೆಯಬೇಡಿ. ಬಸ್ ನಿಲ್ದಾಣದ ಎದುರಿನ ಅಂಗಡಿ ಹಳೆಯ ಬಾಡಿಗೆಗೆ ಒಬ್ಬರ ಹೆಸರಲ್ಲಿ, ಕೂತು ವ್ಯಾಪಾರ ಮಾಡುವವರು ಇನ್ನೊಬ್ಬರು, ನಡುವಿನ ದುಡ್ಡು ಯಾರಿಗೋ. ಅವಧಿ ಮುಗಿದವನ್ನು ಬಹಿರಂಗ ಹರಾಜಿಗೆ ತರುವುದು ಸದಸ್ಯರಾದ ನಿಮ್ಮ ಕೈಯಲ್ಲೇ ಇರುವ ನಿರ್ಣಯ.

ಸ್ವಂತ ಆದಾಯದ ಬಗ್ಗೆ ಇಷ್ಟು ಒತ್ತಿ ಹೇಳಲು ಕಾರಣವಿದೆ. 2021–26ರ ಅವಧಿಗೆ 15ನೇ ಹಣಕಾಸು ಆಯೋಗ ಹತ್ತು ಲಕ್ಷಕ್ಕಿಂತ ಸಣ್ಣ ನಗರಗಳಿಗೆ 82,859 ಕೋಟಿ ರೂಪಾಯಿ ಹೇಳಿತು. ಕರ್ನಾಟಕದಲ್ಲಿ ಬೆಂಗಳೂರು ಬಿಟ್ಟು ಉಳಿದೆಲ್ಲ ನಗರಗಳು, ಮೈಸೂರು, ಹುಬ್ಬಳ್ಳಿ–ಧಾರವಾಡ ಸಹ, ಈ ಗುಂಪಿನವೇ. ಆದರೆ ಅದರಲ್ಲಿ ಶೇ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟುಬಿದ್ದ ಹಣ. ಪರಿಶೋಧಿತ ಲೆಕ್ಕಪತ್ರ ಆನ್‌ಲೈನ್‌ನಲ್ಲಿ ಹಾಕಬೇಕೆಂಬ ಷರತ್ತು ಬೇರೆ. ಸಂತೆಕಟ್ಟೆ, ಲಾರಿ ನಿಲುಗಡೆ, ದುಡಿಯುವ ಹೆಂಗಸರಿಗೆ ಹಾಸ್ಟೆಲ್ ಎಂದು ಊರು ತಾನಾಗಿ ಯೋಚಿಸಿ ಮಾಡಬೇಕಾದ ಕೆಲಸಕ್ಕೆ ಸ್ವಂತ ಕಾಸೇ ಬೇಕು.

ಪ್ರಶ್ನೆ: ವಾರಕ್ಕೊಮ್ಮೆ ನೀರು. ‘24×7 ನೀರು’ ಸಣ್ಣ ಊರಿಗೆ ಆಗುವ ಮಾತೇ?
– ಗೃಹಿಣಿ, ಗದಗ

ಉತ್ತರ: ಆಗುತ್ತದೆ ಎಂದು 2008ರಲ್ಲೇ ಹುಬ್ಬಳ್ಳಿ–ಧಾರವಾಡ, ಬೆಳಗಾವಿ, ಕಲಬುರಗಿಗಳ ಪ್ರಾಯೋಗಿಕ ವಲಯಗಳು ತೋರಿಸಿದವು. ನಗರಗಳ ಜನಸಂಖ್ಯೆಯ ಸುಮಾರು ಹತ್ತನೇ ಒಂದು ಪಾಲಿಗೆ ನಿರಂತರ ನೀರು ಬಂತು. ಆದರೆ ಇಡೀ ನಗರಕ್ಕೆ ಹರಡುವ ಕೆಲಸ ಹತ್ತು ವರ್ಷ ಮೀರಿ ಎಳೆಯಿತು. ಪಕ್ಕದ ಬೀದಿಗೆ ಸದಾ ನೀರು, ನಮಗೆ ವಾರಕ್ಕೊಮ್ಮೆ ಎಂಬ ಸಂಕಟ ಅಲ್ಲಿನ ಜನ ಉಂಡಿದ್ದಾರೆ. ಆದ್ದರಿಂದ ಒಂದು ವಲಯ ಮುಗಿಯುವ ಮುನ್ನವೇ ಮುಂದಿನ ವಲಯದ ಹಣ ಖಾತರಿಯಾಗಿರಬೇಕು.

ನೀರು ಬಿಟ್ಟು ಬಿಟ್ಟು ಬಂದಾಗ ಪೈಪು ಖಾಲಿ ಇರುವ ಹೊತ್ತು ಅದರೊಳಗೆ ಒತ್ತಡ ಕುಸಿದು, ಬಿರುಕುಗಳಿಂದ ಚರಂಡಿ ನೀರು ಒಳಗೆ ಸೇರುತ್ತದೆ. ಮೊದಲ ಹತ್ತು ನಿಮಿಷ ಬರುವ ನೀರು ಕೊಳಕಾಗಿರಲು ಇದೂ ಒಂದು ಕಾರಣ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ಲೆಕ್ಕ. 30 ಸಾವಿರ ಜನರ ಊರಿಗೆ ಅದು 40.5 ಲಕ್ಷ ಲೀಟರ್. ಇಷ್ಟನ್ನು 60 ಮೀಟರ್ ಎತ್ತಲು, ಪಂಪಿನ ದಕ್ಷತೆ ಶೇ 60 ಎಂದರೆ, ದಿನಕ್ಕೆ ಸುಮಾರು 1,100 ಯುನಿಟ್ ವಿದ್ಯುತ್ ಬೇಕು. ಶೇ 35 ಸೋರಿದರೆ 385 ಯುನಿಟ್ ಮಣ್ಣಿಗೆ ಹೋಯಿತು, ದಿನಾಲೂ.

ಕೆಲಸದ ಕ್ರಮ ಹೀಗೆ. ಮೊದಲು ಟ್ಯಾಂಕಿನ ಬುಡಕ್ಕೆ ದೊಡ್ಡ ಮೀಟರ್. ಆಮೇಲೆ ಒಂದು ಟ್ಯಾಂಕಿನ ಕೆಳಗಿನ 1,000–2,000 ಸಂಪರ್ಕವನ್ನು ಸುತ್ತಲಿನ ಜಾಲದಿಂದ ಕತ್ತರಿಸಿ ಒಂದೇ ವಲಯ ಮಾಡಿ. ರಾತ್ರಿ 2ರಿಂದ 4ರವರೆಗೆ ಮೀಟರ್ ನೋಡಿ. ಆ ಹೊತ್ತಿನಲ್ಲಿ ಹರಿಯುವುದು ಹೆಚ್ಚಾಗಿ ಸೋರಿಕೆ. ಮುಖ್ಯ ಪೈಪಿಗಿಂತ ಬೀದಿಯಿಂದ ಮನೆಗೆ ಹೋಗುವ ತುಕ್ಕು ಹಿಡಿದ ಜಿಐ ಪೈಪಿನಲ್ಲೇ ಸೋರಿಕೆ ಹೆಚ್ಚು. ಅದನ್ನು ಪಾಲಿಥೀನ್ ಪೈಪಿಗೆ ಬದಲಿಸಿ, ಪ್ರತಿ ಮನೆಗೆ ಮೀಟರ್ ಹಾಕಿ. ಮೀಟರ್ ಇಲ್ಲದ ನಿರಂತರ ನೀರು ಮೂರು ತಿಂಗಳೂ ನಿಲ್ಲದು, ಒಂದು ಮನೆಯ ತೆರೆದ ನಲ್ಲಿ ಬೀದಿ ತುದಿಯ ಮನೆಯ ಒತ್ತಡ ತಿನ್ನುತ್ತದೆ. ಒಂದಂತಸ್ತಿನ ಮನೆಗಳ ಬೀದಿಯಲ್ಲಿ ನೀರು 7 ಮೀಟರ್, ಎರಡಂತಸ್ತಿಗೆ 12 ಮೀಟರ್ ಎತ್ತರಕ್ಕೆ ಏರುವಷ್ಟು ಒತ್ತಡ ಉಳಿಯಬೇಕು ಎಂಬುದು ಬಹುಕಾಲದಿಂದ ಇದ್ದ ಮಾನದಂಡ. ಬಡವರ ಮೊದಲ ಹಂತದ ಬಳಕೆಗೆ ದರ ಕಡಿಮೆ ಇರಲಿ, ಆದರೆ ಅಳತೆ ಎಲ್ಲರಿಗೂ ಇರಲಿ. ವಾಲ್ವ್ ತಿರುಗಿಸುವ ನೀರುಗಂಟಿಗಳನ್ನು ಮೊದಲ ದಿನದಿಂದಲೇ ಜೊತೆಗೆ ಕರೆದುಕೊಳ್ಳಿ. ಯಾವ ಪೈಪು ಎಲ್ಲಿ ಹೂತಿದೆ ಎಂಬುದು ಬಹಳ ಊರುಗಳಲ್ಲಿ ಅವರಿಗೆ ಮಾತ್ರ ಗೊತ್ತು.

ಪ್ರಶ್ನೆ: 25 ಸಾವಿರ ಜನರ ನಮ್ಮ ಊರಿಗೆ ಒಳಚರಂಡಿ ಬೇಕೇ, ಸೆಪ್ಟಿಕ್ ಟ್ಯಾಂಕ್ ಸಾಕೇ?
– ನಿವೃತ್ತ ಎಂಜಿನಿಯರ್, ಹಾಸನ ಜಿಲ್ಲೆ

ಉತ್ತರ: ಇಷ್ಟು ಜನರಿಗೆ ಪೂರ್ಣ ಒಳಚರಂಡಿ ಜಾಲ ದುಬಾರಿ. ನೀರಿನ ಪೂರೈಕೆ ಕಡಿಮೆ ಇದ್ದರೆ ಕೊಳವೆಯಲ್ಲಿ ಹರಿವೇ ಇರದೆ ಕಟ್ಟಿಕೊಳ್ಳುತ್ತದೆ. ಸೆಪ್ಟಿಕ್ ಟ್ಯಾಂಕ್ ಸಾಕು, ಆದರೆ ಅದರಿಂದ ತೆಗೆದ ಮಲತ್ಯಾಜ್ಯವನ್ನು ಸಂಸ್ಕರಿಸಬೇಕು. ದೇವನಹಳ್ಳಿಯಲ್ಲಿ 2015ರಲ್ಲಿ ಶುರುವಾದ ಮಲತ್ಯಾಜ್ಯ ಸಂಸ್ಕರಣಾ ಘಟಕ ಪಟ್ಟಣ ಮಟ್ಟದಲ್ಲಿ ದೇಶಕ್ಕೇ ಮೊದಲನೆಯದು. ದಿನಕ್ಕೆ 6 ಸಾವಿರ ಲೀಟರ್ ಸಾಮರ್ಥ್ಯ. ಇಳಿಜಾರಿನಲ್ಲೇ ಹರಿದು ಜರಡಿ, ಜೀರ್ಣಕ ತೊಟ್ಟಿ, ಒಣಗಿಸುವ ಹಾಸುಗಳಿಗೆ ಹೋಗುತ್ತದೆ.

ನಿಮ್ಮ ಊರಿನ ಲೆಕ್ಕ: 5,000 ಮನೆ, ಪ್ರತಿ ಗುಂಡಿಯಲ್ಲಿ 3 ಸಾವಿರ ಲೀಟರ್, ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿದರೆ ವರ್ಷಕ್ಕೆ 50 ಲಕ್ಷ ಲೀಟರ್. 300 ಕೆಲಸದ ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 17 ಸಾವಿರ ಲೀಟರ್. ಘಟಕ ಕಟ್ಟಿದ ಮೇಲೆ ಗಾಡಿಯೇ ಬರದಿರುವುದು ಸಾಮಾನ್ಯ ತೊಂದರೆ. ಚಾಲಕರಿಗೆ ಟ್ರಿಪ್ಪಿಗೆ ಇಷ್ಟು ಎಂದು ಕೂಲಿ ಇರುವುದರಿಂದ ಹತ್ತಿರದ ಹಳ್ಳಕ್ಕೆ ಸುರಿದು ಬರುತ್ತಾರೆ. ಸಕ್ಕಿಂಗ್ ಗಾಡಿಗಳಿಗೆ ಪರವಾನಗಿ, ಜಿಪಿಎಸ್, ಘಟಕದಲ್ಲಿ ಸಹಿಯಾದ ಚೀಟಿ ತಂದ ಮೇಲೆ ಹಣ ಎಂಬ ಪದ್ಧತಿ ಮಾಡಿ. ಒಣಗಿದ ಹೂಳನ್ನು ಹಸಿ ಕಸದೊಂದಿಗೆ ಗೊಬ್ಬರ ಮಾಡುವಾಗ ರಾಶಿಯ ಒಳಬಿಸಿ 55 ಡಿಗ್ರಿ ಮೀರಿ ಹಲವು ದಿನ ನಿಲ್ಲಬೇಕು, ಇಲ್ಲವಾದರೆ ಜಂತುಹುಳದ ಮೊಟ್ಟೆ ಸಾಯುವುದಿಲ್ಲ. ರಕ್ಷಣಾ ಸಾಧನ, ಸುರಕ್ಷತಾ ಕ್ರಮಗಳಿಲ್ಲದೆ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯಡಿ ಅಪರಾಧ. ಇದರಲ್ಲಿ ರಿಯಾಯಿತಿಯೇ ಇಲ್ಲ.

ಪ್ರಶ್ನೆ: ಕಾರ್ಖಾನೆ ನಿಂತ ಮೇಲೆ ಭದ್ರಾವತಿ ಮತ್ತೆ ಏಳುವುದೇ?
– ಶಿಕ್ಷಕರು, ಶಿವಮೊಗ್ಗ ಜಿಲ್ಲೆ

ಉತ್ತರ: ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಶುರು ಮಾಡಿತು, 1930ರ ದಶಕದಲ್ಲಿ ಕಾಗದದ ಕಾರ್ಖಾನೆ ಬಂತು. ಊರು ಈ ಎರಡರ ಮೇಲೇ ನಿಂತಿತು. 2001ರಲ್ಲಿ ಸುಮಾರು 1.60 ಲಕ್ಷವಿದ್ದ ಜನಸಂಖ್ಯೆ 2011ಕ್ಕೆ 1.51 ಲಕ್ಷಕ್ಕೆ ಇಳಿಯಿತು. ಜನಸಂಖ್ಯೆ ಇಳಿಯುವ ಪಟ್ಟಣ ಕರ್ನಾಟಕದಲ್ಲಿ ಅಪರೂಪ.

ಒಂದೇ ಉದ್ಯಮದ ಊರಿನಲ್ಲಿ ತೊಂದರೆ ನೌಕರಿ ಹೋಗುವುದರಲ್ಲಿ ಮುಗಿಯುವುದಿಲ್ಲ. ಸುತ್ತಲಿನ ಲೇತ್, ವೆಲ್ಡಿಂಗ್ ಶೆಡ್ಡುಗಳಿಗೆ ಒಬ್ಬನೇ ಗಿರಾಕಿ. ಊರ ನಡುವಿನ ಜಾಗ, ಕ್ವಾರ್ಟರ್ಸ್ ಎಲ್ಲ ಕಾರ್ಖಾನೆಯ ಹೆಸರಿನಲ್ಲಿ, ಹೊಸಬರು ಬಂದರೂ ನಿಲ್ಲಲು ನೆಲ ಸಿಗದು. ದಾವಣಗೆರೆಯ ಹತ್ತಿ ಗಿರಣಿಗಳೂ ಮುಚ್ಚಿದವು. ಆದರೆ ಅಷ್ಟರಲ್ಲಿ ಅಲ್ಲಿ ಕಾಲೇಜುಗಳಿದ್ದವು, 1965ರಿಂದ ವೈದ್ಯಕೀಯ ಕಾಲೇಜಿತ್ತು, ಭತ್ತ–ಮೆಕ್ಕೆಜೋಳದ ಸಗಟು ವ್ಯಾಪಾರವಿತ್ತು, 1997ರಲ್ಲಿ ಜಿಲ್ಲಾ ಕೇಂದ್ರವೂ ಆಯಿತು. ಬೇರುಗಳು ಹಲವಿದ್ದುದರಿಂದ ಊರು ಉಳಿಯಿತು. ಕೆಜಿಎಫ್‌ನ ಚಿನ್ನದ ಗಣಿ 2001ರ ಫೆಬ್ರುವರಿ 28ಕ್ಕೆ ನಿಂತಾಗ ಅಲ್ಲಿನವರ ಕೈಹಿಡಿದದ್ದು 1964ರಿಂದ ಇದ್ದ, ಭಾರೀ ಯಂತ್ರ ತಯಾರಿಸುವ ಬೆಮೆಲ್ ಕಾರ್ಖಾನೆ ಮತ್ತು ಬೆಂಗಳೂರಿಗೆ ಹೋಗುವ ರೈಲು.

ಭದ್ರಾವತಿಗೆ ನಮ್ಮ ಸಲಹೆ: ಕಾರ್ಖಾನೆ ಪುನಶ್ಚೇತನಕ್ಕೆ ಹೋರಾಡುವವರು ಹೋರಾಡಲಿ, ಅದು ನ್ಯಾಯವಾದ ಬೇಡಿಕೆ. ಜೊತೆಜೊತೆಗೇ ಬಳಸದೆ ಬಿದ್ದ ಜಾಗದಲ್ಲಿ ಅರ್ಧ ಎಕರೆಯ ಸಣ್ಣ ಪ್ಲಾಟುಗಳನ್ನು ಕೇಳಿ. ಶಿವಮೊಗ್ಗ ರಸ್ತೆಯ ಮಾಚೇನಹಳ್ಳಿಯಲ್ಲಿ ಫೌಂಡ್ರಿಗಳು ಈಗಾಗಲೇ ಇವೆ. ಲೋಹ ಪರೀಕ್ಷೆಯ ಒಂದು ಸಾಮೂಹಿಕ ಪ್ರಯೋಗಾಲಯ, ಹಳೆಯ ಕಾರ್ಮಿಕರಿಂದ ಐಟಿಐ ಹುಡುಗರಿಗೆ ಮೋಲ್ಡಿಂಗ್, ಪ್ಯಾಟರ್ನ್ ಕೆಲಸದ ಕಲಿಕೆ ಇವೆರಡಕ್ಕೆ ತಡ ಮಾಡಬಾರದು. ಆ ಕೈಕಸುಬು ಗೊತ್ತಿರುವವರಿಗೆ ವಯಸ್ಸಾಗುತ್ತಿದೆ.

ಪ್ರಶ್ನೆ: ನಮ್ಮ ಊರಿನ ಠೇವಣಿ ನಮ್ಮ ಊರಿಗೇ ಸಾಲವಾಗಿ ಬರುತ್ತಿದೆಯೇ ಎಂದು ತಿಳಿಯುವುದು ಹೇಗೆ?
– ಅಂಗಡಿ ಮಾಲೀಕರು, ಉಡುಪಿ ಜಿಲ್ಲೆ

ಉತ್ತರ: ನಿಮ್ಮ ಜಿಲ್ಲೆಯವರಿಗೆ ಇದರ ಇತಿಹಾಸ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಲ್ಲಿ ಪಡೆಯಿತು. ಅದೇ ನೆಲದಲ್ಲಿ 1953ಕ್ಕೆ ಮಣಿಪಾಲದ ವೈದ್ಯಕೀಯ ಕಾಲೇಜು ಎದ್ದಿತು. ಚಿಲ್ಲರೆ ಉಳಿತಾಯ ಊರಲ್ಲೇ ಬಂಡವಾಳವಾದ ಬಗೆ ಅದು.

ಇಂದು ನೋಡಬೇಕಾದದ್ದು ಸಾಲ–ಠೇವಣಿ ಅನುಪಾತ. ನೂರು ರೂಪಾಯಿ ಠೇವಣಿಗೆ ಎಷ್ಟು ಸಾಲ ಕೊಟ್ಟಿದ್ದಾರೆ ಎಂಬ ಲೆಕ್ಕ. ಗ್ರಾಮೀಣ, ಅರೆನಗರ ಶಾಖೆಗಳಿಗೆ ಶೇ 60 ಎಂಬುದು ಗುರಿ. ಜಿಲ್ಲೆಯ ಅನುಪಾತ ಶೇ 40ಕ್ಕಿಂತ ಕೆಳಗಿಳಿದರೆ ವಿಶೇಷ ಉಪಸಮಿತಿ ರಚಿಸಬೇಕು. ಲೀಡ್ ಬ್ಯಾಂಕ್ (ಜಿಲ್ಲೆಯ ಬ್ಯಾಂಕುಗಳನ್ನು ಹೊಂದಿಸುವ ಹೊಣೆಯ ಬ್ಯಾಂಕ್) ನಡೆಸುವ ಜಿಲ್ಲಾ ಸಲಹಾ ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ, ಬ್ಯಾಂಕುವಾರು ಅಂಕಿ ಅಲ್ಲಿರುತ್ತದೆ. ವರ್ತಕರ ಸಂಘದ ಪರವಾಗಿ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಪತ್ರ ಬರೆದು ಕೇಳಿ.

ಪ್ರಶ್ನೆ: ಸದಸ್ಯರಲ್ಲದ ಸಾಮಾನ್ಯ ನಾಗರಿಕರು ಪುರಸಭೆಯಲ್ಲಿ ಏನು ಕೇಳಬಹುದು? ವಾರ್ಡ್ ಸಮಿತಿ ನಮಗಿಲ್ಲವಂತೆ.
– ಕಾಲೇಜು ವಿದ್ಯಾರ್ಥಿನಿ, ಚಿತ್ರದುರ್ಗ ಜಿಲ್ಲೆ

ಉತ್ತರ: ಹೌದು, ಸಂವಿಧಾನ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮೀರಿದ ನಗರಗಳಿಗೆ ಮಾತ್ರ. ಜನ ಸದಸ್ಯರ ಮನೆಗೇ ನಡೆದು ಹೋಗಬಹುದಾದ ಸಣ್ಣ ಊರಿನಲ್ಲಿ ಇಂಥ ವೇದಿಕೆ ಇಲ್ಲದಿರುವುದು ದೊಡ್ಡ ಕೊರತೆ ಎಂದೇ ನಾವು ಭಾವಿಸುತ್ತೇವೆ. ಆದರೆ 2006ರ ಪುರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳ ಪ್ರಕಾರ ಬಜೆಟ್‌ಗೆ ಮುನ್ನ ಸಾರ್ವಜನಿಕರ ಸಮಾಲೋಚನಾ ಸಭೆ ಕರೆಯಲೇಬೇಕು. ಬಹಳ ಕಡೆ ಅದು ಹತ್ತು ಜನರ ಸಹಿಯಲ್ಲಿ ಮುಗಿಯುತ್ತದೆ, ಏಕೆಂದರೆ ಬಂದವರ ಕೈಯಲ್ಲಿ ಕಾಗದ ಇರುವುದಿಲ್ಲ.

ನಾಲ್ಕು ಕಾಗದ ಹಿಡಿದು ಹೋಗಿ: ವಾರ್ಡುವಾರು ಬೇಡಿಕೆ–ವಸೂಲಿ–ಬಾಕಿ, ನೀರೆತ್ತುವ ಪಂಪುಗಳ ಹನ್ನೆರಡು ತಿಂಗಳ ವಿದ್ಯುತ್ ಬಿಲ್, ಮಳಿಗೆಗಳ ಬಾಡಿಗೆ ಮತ್ತು ಕೊನೆಯ ಹರಾಜಿನ ದಿನಾಂಕ, ಬಿಲ್ ಪಾವತಿ ಬಾಕಿ ಇರುವ ಕಾಮಗಾರಿಗಳ ಪಟ್ಟಿ. ಕೇಳಿದರೆ ಕೊಡದಿದ್ದಾಗ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ನಾಲ್ಕಕ್ಕೂ ನಾಲ್ಕು ಬೇರೆ ಅರ್ಜಿ, ಒಂದೊಂದಕ್ಕೆ 10 ರೂಪಾಯಿ ಶುಲ್ಕ. ಉತ್ತರಕ್ಕೆ 30 ದಿನ ಹಿಡಿಯುವುದರಿಂದ, ಬಜೆಟ್ ಸಭೆಗೆ ಮುನ್ನ ಕಾಗದ ಕೈಗೆ ಬರಲು ನವೆಂಬರ್ ಮೊದಲ ವಾರ ದಾಟಿಸಬೇಡಿ.